ಎರಡು ವರ್ಷದ ಎಂ.ಸಿ.ಎ.ಗೆ ಸಾಲ: ಸಹಿ ಹಾಕುವ ಮುನ್ನ ಒಂದು ಲೆಕ್ಕ

ಪದವಿ ಪರೀಕ್ಷೆಗಳ ಫಲಿತಾಂಶ ಬರುವ ದಿನಗಳಲ್ಲಿ ನಮ್ಮ ಧರ್ಮಕೇಂದ್ರಗಳ ಅಂಗಳದಲ್ಲಿ ಪ್ರತಿವರ್ಷ ಒಂದೇ ಮಾತು ಕೇಳಿಬರುತ್ತದೆ. ಮಗಳು ಬಿ.ಸಿ.ಎ. ಮುಗಿಸಿದ್ದಾಳೆ, ಮುಂದೆ ಎಂ.ಸಿ.ಎ. ಮಾಡುತ್ತೇನೆ ಎನ್ನುತ್ತಾಳೆ, ಬ್ಯಾಂಕಿನಲ್ಲಿ ಸಾಲ ಸಿಗಬಹುದೇ ಎಂದು ಹೆತ್ತವರು ವಾಳೆಯ ಗುರಿಕಾರರನ್ನೋ, ಧರ್ಮಗುರುಗಳನ್ನೋ, ಬ್ಯಾಂಕಿನಿಂದ ನಿವೃತ್ತರಾದ ನೆರೆಯವರನ್ನೋ ವಿಚಾರಿಸುತ್ತಾರೆ. ಕೇಳಿದವರು ತಮಗೆ ತಿಳಿದ ಮಟ್ಟಿಗೆ ದಾರಿ ತೋರಿಸುತ್ತಾರೆ. ಕೆಲವು ವಾರಗಳಲ್ಲಿ ಸಾಲ ಮಂಜೂರಾಗುತ್ತದೆ, ಮಗಳು ಹಾಸ್ಟೆಲ್ ಸೇರುತ್ತಾಳೆ.

ಸಾಲ ಸಿಗುತ್ತದೆಯೇ ಎಂಬ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಸಾಲವನ್ನು ತೀರಿಸಲು ಆಗುತ್ತದೆಯೇ ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಓದಿನ ವಿಷಯದಲ್ಲಿ ಲೆಕ್ಕ ಹಾಕುವುದು ಮಕ್ಕಳ ಮೇಲೆ ಪ್ರೀತಿಯಿಲ್ಲದವರ ಕೆಲಸ ಎಂಬ ಭಾವನೆ ನಮ್ಮಲ್ಲಿದೆ. ಮೂರು ವರ್ಷಗಳ ನಂತರ ಮೊದಲ ಕಂತಿನ ಪತ್ರ ಮನೆಗೆ ಬಂದಾಗ ಆ ಲೆಕ್ಕ ತಾನಾಗಿಯೇ ಎದುರು ನಿಲ್ಲುತ್ತದೆ. ಆಗ ಬದಲಿಸಲು ಹೆಚ್ಚೇನೂ ಉಳಿದಿರುವುದಿಲ್ಲ. ಆದುದರಿಂದ ಆ ಲೆಕ್ಕವನ್ನು ಮೊದಲೇ ಹಾಕಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸುತ್ತಿದ್ದೇವೆ.

ಕೋರ್ಸಿನ ಬಗ್ಗೆ ಎರಡು ಮಾತು

ಹಿಂದೆ ಎಂ.ಸಿ.ಎ. ಮೂರು ವರ್ಷಗಳ ಕೋರ್ಸಾಗಿತ್ತು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2020-21ರ ಶೈಕ್ಷಣಿಕ ವರ್ಷದಿಂದ ಇದನ್ನು ಎರಡು ವರ್ಷಕ್ಕೆ ಇಳಿಸಿತು. ಒಂದು ವರ್ಷದ ಫೀಸು, ಒಂದು ವರ್ಷದ ಊಟ ವಸತಿ ಉಳಿಯಿತು, ಮಕ್ಕಳು ಒಂದು ವರ್ಷ ಬೇಗ ದುಡಿಮೆಗೆ ಇಳಿಯುವಂತಾಯಿತು. ಇದು ಹೆತ್ತವರಿಗೆ ನಿಜವಾಗಿಯೂ ಒಳ್ಳೆಯದಾಯಿತು. ಕರ್ನಾಟಕದಲ್ಲಿ ಸರಕಾರಿ ಕೋಟಾದ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪಿ.ಜಿ.ಸಿ.ಇ.ಟಿ. ಪರೀಕ್ಷೆ ಬರೆಯಬೇಕು. ಈ ಪರೀಕ್ಷೆಯನ್ನು ಬರೆಯದೆ ನೇರವಾಗಿ ಮ್ಯಾನೇಜ್‌ಮೆಂಟ್ ಸೀಟಿಗೆ ಹೋಗುವ ಮಕ್ಕಳು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಒಂದೇ ಕಾಲೇಜಿನ ಒಂದೇ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರ ಫೀಸಿನಲ್ಲಿ ದೊಡ್ಡ ಅಂತರವಿರಲು ಇದೇ ಕಾರಣ. ಮುಂದೆ ಬರುವ ಸಾಲದ ಲೆಕ್ಕ ಹೆಚ್ಚಾಗಿ ಇಲ್ಲಿಯೇ ನಿರ್ಧಾರವಾಗುತ್ತದೆ.

ಒಂದು ಮನೆಯ ಲೆಕ್ಕ

ಒಂದು ಮನೆಯನ್ನು ಊಹಿಸಿಕೊಳ್ಳೋಣ. ತಂದೆ ಆಟೋರಿಕ್ಷಾ ಓಡಿಸುತ್ತಾರೆ, ತಾಯಿ ಮನೆಯಲ್ಲಿ ಹೊಲಿಗೆ ಮಾಡುತ್ತಾರೆ. ಹತ್ತು ಸೆಂಟ್ಸ್ ಜಾಗದಲ್ಲಿ ಸ್ವಂತ ಮನೆಯಿದೆ. ಮಗಳು ಬಿ.ಸಿ.ಎ. ಮುಗಿಸಿದ್ದಾಳೆ, ಮಗ ಪ್ರಥಮ ಪಿ.ಯು.ಸಿ.ಯಲ್ಲಿದ್ದಾನೆ. ಇಲ್ಲಿ ಕೊಡುವ ಮೊತ್ತಗಳು ಲೆಕ್ಕ ಅರ್ಥವಾಗಲೆಂದು ನಾವು ಇಟ್ಟುಕೊಂಡವು. ನಿಮ್ಮ ಮನೆಯ ಲೆಕ್ಕ ಹಾಕುವಾಗ ನಿಮ್ಮ ಕಾಲೇಜು ಮತ್ತು ನಿಮ್ಮ ಬ್ಯಾಂಕು ಹೇಳುವ ಮೊತ್ತಗಳನ್ನೇ ಇಟ್ಟುಕೊಳ್ಳಿ.

ಮಗಳಿಗೆ ದೂರದ ಊರಿನ ಖಾಸಗಿ ಕಾಲೇಜಿನಲ್ಲಿ ಸೀಟು ಸಿಕ್ಕಿತು ಎನ್ನೋಣ. ಎರಡು ವರ್ಷಗಳ ಫೀಸು 3 ಲಕ್ಷ ರೂಪಾಯಿ. ಹಾಸ್ಟೆಲ್ ಮತ್ತು ಊಟಕ್ಕೆ 2 ಲಕ್ಷ. ಲ್ಯಾಪ್‌ಟಾಪ್, ಪುಸ್ತಕ, ಪರೀಕ್ಷಾ ಶುಲ್ಕ, ಊರಿಗೆ ಬಂದು ಹೋಗುವ ಖರ್ಚು ಎಲ್ಲ ಸೇರಿ 50 ಸಾವಿರ. ಒಟ್ಟು ಐದೂವರೆ ಲಕ್ಷವಾಯಿತು. ಮನೆಯವರು 50 ಸಾವಿರ ಹೊಂದಿಸುತ್ತಾರೆ, ಉಳಿದ 5 ಲಕ್ಷ ಬ್ಯಾಂಕಿನ ಶಿಕ್ಷಣ ಸಾಲ. ಬಡ್ಡಿ ವರ್ಷಕ್ಕೆ ಶೇ. 10 ಎಂದಿಟ್ಟುಕೊಳ್ಳೋಣ. ಮೊದಲ ವರ್ಷದ ಆರಂಭದಲ್ಲಿ ಎರಡೂವರೆ ಲಕ್ಷ, ಎರಡನೆಯ ವರ್ಷದ ಆರಂಭದಲ್ಲಿ ಎರಡೂವರೆ ಲಕ್ಷ ಬಿಡುಗಡೆಯಾಗುತ್ತದೆ.

ಶಿಕ್ಷಣ ಸಾಲದಲ್ಲಿ ಕೋರ್ಸಿನ ಅವಧಿ ಮತ್ತು ಅದರ ನಂತರದ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ ಎಂಬ ನಿಯಮ ಸಾಮಾನ್ಯವಾಗಿ ಇದೆ. ಇದನ್ನು ಕೇಳಿ ಅನೇಕರು ಆ ಮೂರು ವರ್ಷ ಬಡ್ಡಿಯೂ ಇಲ್ಲ ಎಂದು ತಿಳಿಯುತ್ತಾರೆ. ಇದು ತಪ್ಪು. ಕಂತು ನಿಂತಿರುತ್ತದೆಯೇ ಹೊರತು ಬಡ್ಡಿ ನಿಲ್ಲುವುದಿಲ್ಲ. ಮೊದಲ ಎರಡೂವರೆ ಲಕ್ಷಕ್ಕೆ ಮೂರು ವರ್ಷಗಳ ಸರಳ ಬಡ್ಡಿ 75 ಸಾವಿರ. ಎರಡನೆಯ ಎರಡೂವರೆ ಲಕ್ಷಕ್ಕೆ ಎರಡು ವರ್ಷಗಳ ಬಡ್ಡಿ 50 ಸಾವಿರ. ಹೀಗೆ ಮೊದಲ ಕಂತು ಕಟ್ಟುವ ದಿನ ಸಾಲ 5 ಲಕ್ಷವಾಗಿರದೆ 6 ಲಕ್ಷ 25 ಸಾವಿರವಾಗಿರುತ್ತದೆ.

ಈ ಮೊತ್ತವನ್ನು ಏಳು ವರ್ಷಗಳಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 10,376 ರೂಪಾಯಿ. ಏಳು ವರ್ಷ ಮುಗಿಯುವಾಗ ಬ್ಯಾಂಕಿಗೆ ಕಟ್ಟಿದ ಒಟ್ಟು ಹಣ ಸುಮಾರು 8 ಲಕ್ಷ 72 ಸಾವಿರ. ಕಂತು ಭಾರವಾಯಿತೆಂದು ಅವಧಿಯನ್ನು ಹದಿನೈದು ವರ್ಷಕ್ಕೆ ಎಳೆದರೆ ಕಂತು 6,716ಕ್ಕೆ ಇಳಿಯುತ್ತದೆ, ಆದರೆ ಕಟ್ಟುವ ಒಟ್ಟು ಹಣ ಸುಮಾರು 12 ಲಕ್ಷ 9 ಸಾವಿರಕ್ಕೆ ಏರುತ್ತದೆ. ಕಂತು ಕಡಿಮೆ ಎಂದು ಬ್ಯಾಂಕಿನವರು ಹೇಳಿದಾಗ ಎಷ್ಟು ವರ್ಷಕ್ಕೆ ಎಂದು ಕೂಡಲೇ ಕೇಳಬೇಕು.

ಕಂತಿನ ಎದುರು ಸಂಬಳ

ಈಗ ಸಂಪಾದನೆಯ ಕಡೆ ಬರೋಣ. ದೊಡ್ಡ ಸಾಫ್ಟ್‌ವೇರ್ ಸೇವಾ ಕಂಪೆನಿಗಳಲ್ಲಿ ಹೊಸಬರಿಗೆ ಕೊಡುವ ಆರಂಭದ ಸಂಬಳ ವರ್ಷಕ್ಕೆ ಮೂರರಿಂದ ನಾಲ್ಕು ಲಕ್ಷದ ಆಸುಪಾಸಿನಲ್ಲಿಯೇ ಹತ್ತು ವರ್ಷಗಳಿಗೂ ಹೆಚ್ಚು ಕಾಲ ನಿಂತಿದೆ. ಅದೇ ಅವಧಿಯಲ್ಲಿ ಫೀಸು, ಬಾಡಿಗೆ, ಬಸ್ಸಿನ ದರ ಯಾವುದೂ ನಿಂತಿಲ್ಲ. ಮಗಳಿಗೆ ವರ್ಷಕ್ಕೆ 3 ಲಕ್ಷ 60 ಸಾವಿರದ ಕೆಲಸ ಸಿಕ್ಕಿತು ಎಂದಾಗ ಮನೆಯವರು ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 30 ಸಾವಿರ ಎಂದು ಸಂತೋಷಪಡುತ್ತಾರೆ. ಕಂಪೆನಿ ಹೇಳುವ ಮೊತ್ತದಲ್ಲಿ ಭವಿಷ್ಯನಿಧಿಯ ಪಾಲು, ಗ್ರಾಚ್ಯುಟಿ, ವಿಮೆ, ಕೆಲಸದ ಮೇಲೆ ಅವಲಂಬಿಸಿದ ಭತ್ಯೆ ಎಲ್ಲವೂ ಸೇರಿರುತ್ತವೆ. ಕೈಗೆ ಬರುವುದು 25 ಸಾವಿರದ ಹತ್ತಿರ.

ಕೆಲಸ ಬೆಂಗಳೂರಿನಲ್ಲಿ. ಪಿ.ಜಿ.ಯಲ್ಲಿ ಹಂಚಿಕೊಂಡ ಕೋಣೆ ಮತ್ತು ಊಟಕ್ಕೆ 9 ಸಾವಿರ ಎನ್ನೋಣ. ಬಸ್ಸು, ಮಧ್ಯಾಹ್ನದ ತಿಂಡಿ, ಫೋನು, ಬಟ್ಟೆ, ಔಷಧಿ, ಹಬ್ಬಕ್ಕೆ ಊರಿಗೆ ಬಂದು ಹೋಗುವ ಖರ್ಚು ಸೇರಿ 5 ಸಾವಿರ. ಉಳಿಯುವುದು 11 ಸಾವಿರ. ಕಂತು 10,376. ತಿಂಗಳ ಕೊನೆಗೆ ಮಗಳ ಕೈಯಲ್ಲಿ 624 ರೂಪಾಯಿ ಉಳಿಯುತ್ತದೆ. ಆ ತಿಂಗಳು ಜ್ವರ ಬಂದರೆ ಅದೂ ಇಲ್ಲ. ಆ ಹೊತ್ತಿಗೆ ತಮ್ಮ ಪದವಿ ತರಗತಿಯಲ್ಲಿರುತ್ತಾನೆ, ಅವನ ಫೀಸಿಗೆ ಅಕ್ಕ ನೆರವಾಗುತ್ತಾಳೆ ಎಂಬ ಭರವಸೆ ಮನೆಯಲ್ಲಿರುತ್ತದೆ. ಅಕ್ಕನ ಕೈಯಲ್ಲಿ ಕೊಡಲು ಏನೂ ಇರುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳಲು ಅವಳಿಗೆ ಮುಜುಗರ, ಕೇಳಲು ಹೆತ್ತವರಿಗೆ ಮುಜುಗರ. ಎಷ್ಟೋ ಮನೆಗಳಲ್ಲಿ ಬಿಗುವು ಹುಟ್ಟುವುದು ಹೀಗೆಯೇ. ಇಲ್ಲಿ ಯಾರ ತಪ್ಪೂ ಇರುವುದಿಲ್ಲ, ಮೊದಲೇ ಹಾಕಬೇಕಾಗಿದ್ದ ಲೆಕ್ಕವನ್ನು ಹಾಕಿರುವುದಿಲ್ಲ ಅಷ್ಟೇ.

ಸಾಲ ತೀರಿಸುವುದು ಸಂಬಳದ ಹೆಚ್ಚಳ

ಇಲ್ಲಿ ಇನ್ನೊಂದು ಲೆಕ್ಕವಿದೆ. ನಮ್ಮಲ್ಲಿ ಬಹಳ ಮಂದಿ ಇದನ್ನು ಮರೆಯುತ್ತಾರೆ. ಮಗಳು ಎಂ.ಸಿ.ಎ. ಮಾಡದೆ ಬಿ.ಸಿ.ಎ.ಯಲ್ಲಿಯೇ ಕೆಲಸಕ್ಕೆ ಸೇರಿದ್ದರೆ ಏನಾಗುತ್ತಿತ್ತು? ಆರಂಭದಲ್ಲಿ ತಿಂಗಳಿಗೆ 15 ಸಾವಿರ ಸಿಗುತ್ತಿತ್ತು ಎನ್ನೋಣ. ಎರಡು ವರ್ಷಕ್ಕೆ 3 ಲಕ್ಷ 60 ಸಾವಿರ ರೂಪಾಯಿ ಮನೆಗೆ ಬರುತ್ತಿತ್ತು. ಓದಲು ಹೋದುದರಿಂದ ಆ ಹಣ ಬರಲಿಲ್ಲ. ಕಾಲೇಜಿನ ಯಾವ ರಶೀದಿಯಲ್ಲಿಯೂ ಇದು ಕಾಣುವುದಿಲ್ಲ, ಆದರೆ ಇದೂ ಓದಿನ ಖರ್ಚೇ.

ಎರಡು ವರ್ಷ ದುಡಿದ ಅನುಭವದ ಮೇಲೆ ಅವಳ ಸಂಬಳ 20 ಸಾವಿರಕ್ಕೆ ಏರಿರುತ್ತಿತ್ತು ಎನ್ನೋಣ. ಎಂ.ಸಿ.ಎ. ಮುಗಿಸಿ ಸಿಕ್ಕಿದ ಸಂಬಳ 25 ಸಾವಿರ. ಹಾಗಾದರೆ ಈ ಪದವಿ ಅವಳಿಗೆ ತಂದುಕೊಟ್ಟದ್ದು ತಿಂಗಳಿಗೆ 5 ಸಾವಿರ ಮಾತ್ರ. ಉಳಿದ 20 ಸಾವಿರ ಪದವಿ ಇಲ್ಲದೆಯೂ ಬರುತ್ತಿತ್ತು. 5 ಸಾವಿರದ ಹೆಚ್ಚಳಕ್ಕಾಗಿ ತಿಂಗಳಿಗೆ 10,376ರ ಕಂತನ್ನು ಏಳು ವರ್ಷ ಹೊರಬೇಕು. ಸಂಬಳ ಬೇಗ ಏರಿದರೆ ಭಾರ ಹಗುರಾಗುತ್ತದೆ, ನಿಜ. ಅನುಭವವಿರುವ ಬಿ.ಸಿ.ಎ. ಪದವೀಧರೆಯ ಸಂಬಳವೂ ಏರುತ್ತದೆ ಎಂಬುದೂ ಅಷ್ಟೇ ನಿಜ.

ಆದುದರಿಂದ ಸಾಲವನ್ನು ಇಡಿಯ ಸಂಬಳದೊಡನೆ ತೂಗಬಾರದು, ಪದವಿಯಿಂದ ಬರುವ ಹೆಚ್ಚಳದೊಡನೆ ತೂಗಬೇಕು. ತಿಂಗಳ ಕಂತು ಆ ಹೆಚ್ಚಳಕ್ಕಿಂತ ಕಡಿಮೆಯಿದ್ದರೆ ಸಾಲ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ. ಹೆಚ್ಚಿದ್ದರೆ ಆ ವ್ಯತ್ಯಾಸವನ್ನು ಮನೆಯವರು ಯಾರಾದರೂ ತುಂಬಿಕೊಡಬೇಕಾಗುತ್ತದೆ.

ಇದೇ ಅಳತೆಯಲ್ಲಿ ಇನ್ನೊಂದು ದಾರಿಯನ್ನು ನೋಡೋಣ. ಅದೇ ಹುಡುಗಿ ಪಿ.ಜಿ.ಸಿ.ಇ.ಟಿ. ಬರೆದು ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದ ಕಾಲೇಜಿನಲ್ಲಿ ಸರಕಾರಿ ಕೋಟಾದ ಸೀಟು ಪಡೆದಳು ಎನ್ನೋಣ. ಫೀಸು, ಬಸ್ಸು, ಪುಸ್ತಕ ಎಲ್ಲ ಸೇರಿ ಎರಡು ವರ್ಷಕ್ಕೆ 2 ಲಕ್ಷ. 50 ಸಾವಿರ ಮನೆಯಿಂದ, ಒಂದೂವರೆ ಲಕ್ಷ ಸಾಲ. ಕಂತು ಆರಂಭವಾಗುವ ಹೊತ್ತಿಗೆ ಬಡ್ಡಿ ಸೇರಿ 1 ಲಕ್ಷ 87 ಸಾವಿರದ 500. ಐದೇ ವರ್ಷಗಳಲ್ಲಿ ತೀರಿಸಿದರೂ ಕಂತು ಸುಮಾರು 3,984 ರೂಪಾಯಿ. ಅದೇ 5 ಸಾವಿರದ ಹೆಚ್ಚಳ ಈ ಕಂತನ್ನು ಹೊರುತ್ತದೆ, ಸ್ವಲ್ಪ ಉಳಿಯುತ್ತದೆ ಕೂಡಾ. ಹುಡುಗಿ ಅವಳೇ, ಪದವಿಯ ಹೆಸರೂ ಸಂಬಳವೂ ಅವೇ. ಮೊದಲ ದಾರಿಯಲ್ಲಿ ಸಾಲ ಹೊರೆಯಾಯಿತು, ಎರಡನೆಯದರಲ್ಲಿ ಆಸರೆಯಾಯಿತು.

ಕಾಲೇಜಿನಲ್ಲಿ ಕೇಳಬೇಕಾದ ಪ್ರಶ್ನೆಗಳು

ಹಾಗಾದರೆ ದೂರದ ದುಬಾರಿ ಕಾಲೇಜು ಯಾವಾಗಲೂ ತಪ್ಪೇ? ಇಲ್ಲ. ಅಲ್ಲಿ ಓದಿದವರಿಗೆ ನಿಜಕ್ಕೂ ಹೆಚ್ಚಿನ ಸಂಬಳ ಸಿಗುತ್ತಿದ್ದರೆ ಲೆಕ್ಕ ಬದಲಾಗುತ್ತದೆ. ಅದೇ 5 ಲಕ್ಷದ ಸಾಲಕ್ಕೆ ಮಗಳಿಗೆ ತಿಂಗಳಿಗೆ 35 ಸಾವಿರ ಕೈಗೆ ಬರುವ ಕೆಲಸ ಸಿಕ್ಕಿದರೆ ಹೆಚ್ಚಳ 15 ಸಾವಿರವಾಗುತ್ತದೆ, ಕಂತು ನೆಮ್ಮದಿಯಿಂದ ಹೋಗುತ್ತದೆ. ಆದರೆ ಸಿಗುತ್ತದೆ ಎಂಬುದನ್ನು ತಿಳಿಯುವುದು ಹೇಗೆ?

ಕಾಲೇಜುಗಳ ಜಾಹೀರಾತಿನಲ್ಲಿ ದಪ್ಪ ಅಕ್ಷರಗಳಲ್ಲಿ ಅತ್ಯಧಿಕ ಸಂಬಳವನ್ನು ಹಾಕಿರುತ್ತಾರೆ. ಅದು ಒಬ್ಬರಿಗೆ ಸಿಕ್ಕಿದ್ದು. ಸರಾಸರಿಯನ್ನು ಕೂಡಾ ಪೂರ್ತಿ ನಂಬುವಂತಿಲ್ಲ. ಹತ್ತು ಮಂದಿಯಲ್ಲಿ ಒಬ್ಬರಿಗೆ 21 ಲಕ್ಷ, ಒಂಬತ್ತು ಮಂದಿಗೆ ತಲಾ 3 ಲಕ್ಷ ಸಿಕ್ಕಿದರೆ ಸರಾಸರಿ 4 ಲಕ್ಷ 80 ಸಾವಿರ ಎಂದಾಗುತ್ತದೆ, ಆದರೆ ಅಷ್ಟು ಸಂಬಳ ಪಡೆದವರು ಆ ತರಗತಿಯಲ್ಲಿ ಒಬ್ಬರೂ ಇಲ್ಲ. ಆದುದರಿಂದ ಸೀಟಿಗೆ ಹಣ ಕಟ್ಟುವ ಮುನ್ನ ಈ ಪ್ರಶ್ನೆಗಳನ್ನು ಕೇಳಬೇಕು. ಕಳೆದ ವರ್ಷ ಎಂ.ಸಿ.ಎ. ತರಗತಿಯಲ್ಲಿ ಒಟ್ಟು ಎಷ್ಟು ಮಂದಿ ಇದ್ದರು? ಅವರಲ್ಲಿ ಎಷ್ಟು ಮಂದಿಗೆ ಕೆಲಸದ ಪತ್ರ ಬಂತು, ಎಷ್ಟು ಮಂದಿ ನಿಜವಾಗಿ ಕೆಲಸಕ್ಕೆ ಸೇರಿದರು? ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಡುವಿನಲ್ಲಿ ನಿಂತವರ ಸಂಬಳ ಎಷ್ಟು? ಹೇಳುತ್ತಿರುವ ಮೊತ್ತ ಎಂ.ಸಿ.ಎ.ಯವರದೇ, ಇಲ್ಲವೇ ಎಂಜಿನಿಯರಿಂಗಿನವರನ್ನೂ ಸೇರಿಸಿದ್ದೇ?

ಕಚೇರಿಯಲ್ಲಿ ಸಿಗುವ ಉತ್ತರಕ್ಕಿಂತ ಹಿಂದಿನ ವರ್ಷ ಓದಿ ಹೊರಬಂದ ಇಬ್ಬರು ಮೂವರು ಮಕ್ಕಳೊಡನೆ ಮಾತನಾಡುವುದು ಮೇಲು. ನಮ್ಮ ಧರ್ಮಕೇಂದ್ರಗಳ ಯುವ ಸಂಘಟನೆಗಳಲ್ಲಿ ಅಂಥವರು ಇದ್ದೇ ಇರುತ್ತಾರೆ. ಅವರನ್ನು ಒಮ್ಮೆ ಕರೆಸಿ ಹೆತ್ತವರ ಮುಂದೆ ಮಾತನಾಡಿಸಿದರೆ ಅದೇ ದೊಡ್ಡ ಸೇವೆ.

ಮಾರುಕಟ್ಟೆಯ ಏರಿಳಿತ

ಸಾಲದ ಕಂತು ಮಾರುಕಟ್ಟೆಯನ್ನು ನೋಡಿ ಬದಲಾಗುವುದಿಲ್ಲ. ಕೆಲಸ ಬದಲಾಗುತ್ತದೆ. 2008ರಲ್ಲಿ ಅಮೆರಿಕದಲ್ಲಿ ಬ್ಯಾಂಕುಗಳು ಕುಸಿದಾಗ ಇಲ್ಲಿನ ಸಾಫ್ಟ್‌ವೇರ್ ನೇಮಕಾತಿಯೂ ಕುಗ್ಗಿತು. 2021 ಮತ್ತು 2022ರಲ್ಲಿ ನೇಮಕಾತಿ ಭರದಿಂದ ನಡೆಯಿತು. ಅದನ್ನು ಕಂಡು ಸಾಲ ಮಾಡಿ ಕೋರ್ಸಿಗೆ ಸೇರಿದ ಮಕ್ಕಳು ಹೊರಬರುವ ಹೊತ್ತಿಗೆ ಗಾಳಿ ತಿರುಗಿತ್ತು. 2023-24ರ ಹಣಕಾಸು ವರ್ಷದಲ್ಲಿ ಟಿ.ಸಿ.ಎಸ್., ಇನ್ಫೊಸಿಸ್, ವಿಪ್ರೊ ಮೂರು ಕಂಪೆನಿಗಳಲ್ಲಿಯೂ ನೌಕರರ ಸಂಖ್ಯೆ ಹಿಂದಿನ ವರ್ಷಕ್ಕಿಂತ ಇಳಿಯಿತು. ಮೂರೂ ಸೇರಿ ಇಳಿದ ಸಂಖ್ಯೆ ಸುಮಾರು 64 ಸಾವಿರ. ಕೆಲಸದ ಪತ್ರ ಕೈಯಲ್ಲಿದ್ದೂ ಸೇರುವ ದಿನಾಂಕಕ್ಕಾಗಿ ತಿಂಗಳುಗಟ್ಟಲೆ ಕಾದವರು ಆಗ ಬಹಳ ಮಂದಿ. 2025ರ ಜುಲೈಯಲ್ಲಿ ಟಿ.ಸಿ.ಎಸ್. ತನ್ನ ನೌಕರರಲ್ಲಿ ಸುಮಾರು 12 ಸಾವಿರ ಮಂದಿಯನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿತು.

ಇದನ್ನು ಹೇಳುವುದು ಹೆದರಿಸಲು ಅಲ್ಲ. ಮಾರುಕಟ್ಟೆ ಮತ್ತೆ ಏರುತ್ತದೆ, ಹಿಂದೆಯೂ ಏರಿದೆ. ಆದರೆ ಕೋರ್ಸು ಮುಗಿದು ಒಂದು ವರ್ಷಕ್ಕೆ ಕಂತು ಆರಂಭವಾಗಿಯೇ ಆಗುತ್ತದೆ. ಆ ಹೊತ್ತಿಗೆ ಕೆಲಸ ಸಿಕ್ಕದಿದ್ದರೆ ಆರು ತಿಂಗಳ ಕಂತು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಸಹಿ ಹಾಕುವ ಮುನ್ನವೇ ಮನೆಯಲ್ಲಿ ಉತ್ತರವಿರಬೇಕು. ನಮ್ಮ ಉದಾಹರಣೆಯಲ್ಲಿ ಅದು ಸುಮಾರು 62 ಸಾವಿರ ರೂಪಾಯಿ. ಅಷ್ಟು ಹಣ ಬೇರೆಯಾಗಿ ಇಲ್ಲ ಎಂದಾದರೆ ಸಾಲದ ಮೊತ್ತ ಆ ಮನೆಗೆ ದೊಡ್ಡದು ಎಂದೇ ಅರ್ಥ.

ಸಾಲ ಕಡಿಮೆ ಮಾಡುವ ದಾರಿಗಳು

ಮೊದಲನೆಯದು, ಸರಕಾರದ ಬಡ್ಡಿ ನೆರವು. ಕೇಂದ್ರ ಸರಕಾರ 2024ರ ನವೆಂಬರಿನಲ್ಲಿ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಗೆ ಒಪ್ಪಿಗೆ ನೀಡಿತು. ಪಟ್ಟಿಯಲ್ಲಿರುವ ಉತ್ತಮ ಶ್ರೇಯಾಂಕದ ಸಂಸ್ಥೆಗಳಲ್ಲಿ ಅರ್ಹತೆಯ ಮೇಲೆ ಸೀಟು ಪಡೆದವರಿಗೆ ಅಡವು ಮತ್ತು ಜಾಮೀನು ಇಲ್ಲದೆ ಸಾಲ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದ ಒಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಕಂತು ಆರಂಭವಾಗುವವರೆಗಿನ ಅವಧಿಯಲ್ಲಿ ಶೇ. 3ರ ಬಡ್ಡಿ ನೆರವು ಇದೆ. ಪ್ರತಿವರ್ಷ ಈ ನೆರವು ಪಡೆಯುವವರ ಸಂಖ್ಯೆಗೆ ಮಿತಿಯಿದೆ. ನಮ್ಮ ಉದಾಹರಣೆಯ ಸಾಲಕ್ಕೆ ಇದು ದೊರೆತರೆ 37,500 ರೂಪಾಯಿ ಉಳಿಯುತ್ತದೆ. ಆದಾಯ ನಾಲ್ಕೂವರೆ ಲಕ್ಷದ ಒಳಗಿರುವ ಕುಟುಂಬಗಳ ಮಕ್ಕಳಿಗೆ ವೃತ್ತಿಪರ ಮತ್ತು ತಾಂತ್ರಿಕ ಕೋರ್ಸುಗಳಲ್ಲಿ ಆ ಅವಧಿಯ ಪೂರ್ತಿ ಬಡ್ಡಿಯನ್ನು ಸರಕಾರವೇ ಭರಿಸುವ ಯೋಜನೆಯೂ ಇದೆ. ಆದುದರಿಂದ ಕಾಲೇಜು ಆರಿಸುವಾಗಲೇ ಅದು ಈ ಯೋಜನೆಗಳ ವ್ಯಾಪ್ತಿಗೆ ಬರುತ್ತದೆಯೇ ಎಂದು ನೋಡಬೇಕು, ಆದಾಯ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳಬೇಕು. ಸೀಟು ಪಡೆದ ಮೇಲೆ ನೋಡಿದರೆ ಪ್ರಯೋಜನವಿಲ್ಲ.

ಎರಡನೆಯದು, ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಶಿಕ್ಷಣ ಸಾಲ. ಇದರ ಸೇವಾ ಶುಲ್ಕ ಬ್ಯಾಂಕಿನ ಬಡ್ಡಿಗಿಂತ ಬಹಳ ಕಡಿಮೆ. ಯಾವ ಕೋರ್ಸುಗಳಿಗೆ, ಎಷ್ಟು ಮೊತ್ತ, ಕೊನೆಯ ದಿನಾಂಕ ಯಾವುದು ಎಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಬೇಕು. ಇಂಥ ಪ್ರಕಟಣೆಗಳನ್ನು ಪೂಜೆಯ ನಂತರದ ಸೂಚನೆಗಳಲ್ಲಿ ಸಕಾಲಕ್ಕೆ ತಿಳಿಸಿದರೆ ಹಲವು ಮನೆಗಳಿಗೆ ಉಪಕಾರವಾಗುತ್ತದೆ.

ಮೂರನೆಯದು, ಓದಿನ ಅವಧಿಯಲ್ಲಿಯೇ ಬಡ್ಡಿ ಕಟ್ಟುವುದು. ನಮ್ಮ ಉದಾಹರಣೆಯಲ್ಲಿ ಮೊದಲ ವರ್ಷ ತಿಂಗಳಿಗೆ ಸುಮಾರು 2,083, ಮುಂದಿನ ಎರಡು ವರ್ಷ ಸುಮಾರು 4,167 ರೂಪಾಯಿ ಕಟ್ಟುತ್ತಾ ಬಂದರೆ ಸಾಲ 5 ಲಕ್ಷದಲ್ಲಿಯೇ ನಿಲ್ಲುತ್ತದೆ. ಕಂತು 10,376ರ ಬದಲು 8,301 ಆಗುತ್ತದೆ. ಒಟ್ಟಿನಲ್ಲಿ 49 ಸಾವಿರದಷ್ಟು ಉಳಿತಾಯ. ಹೀಗೆ ಕಟ್ಟುವವರಿಗೆ ಬಡ್ಡಿಯಲ್ಲಿ ಶೇ. 1ರವರೆಗೆ ರಿಯಾಯಿತಿ ನೀಡುವ ಬ್ಯಾಂಕುಗಳೂ ಇವೆ, ಕೇಳಿ ತಿಳಿಯಬೇಕು.

ನಾಲ್ಕನೆಯದು, ಕೆಲಸ ಮಾಡುತ್ತಾ ಓದುವುದು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ ದೂರಶಿಕ್ಷಣದ ಮೂಲಕ ಎಂ.ಸಿ.ಎ. ನಡೆಸುತ್ತದೆ. ಇಡೀ ಕೋರ್ಸಿನ ಶುಲ್ಕ ಒಂದು ಲಕ್ಷಕ್ಕಿಂತ ಬಹಳ ಕಡಿಮೆ. ಬಿ.ಸಿ.ಎ., ಬಿ.ಎಸ್ಸಿ. ಪದವೀಧರರನ್ನು ಕೆಲಸಕ್ಕೆ ತೆಗೆದುಕೊಂಡು ಉನ್ನತ ಶಿಕ್ಷಣಕ್ಕೆ ತಾವೇ ನೆರವಾಗುವ ದೊಡ್ಡ ಕಂಪೆನಿಗಳೂ ಇವೆ. ವಿಪ್ರೊ ಇಂಥ ಕಾರ್ಯಕ್ರಮವನ್ನು ಹಲವು ವರ್ಷಗಳಿಂದ ನಡೆಸಿದೆ. ದಿನವಿಡೀ ದುಡಿದು ರಾತ್ರಿ ಓದುವುದು ಸುಲಭವಲ್ಲ. ಆದರೆ ಸಾಲವಿಲ್ಲದೆ, ಎರಡು ವರ್ಷಗಳ ಸಂಬಳವನ್ನೂ ಕಳೆದುಕೊಳ್ಳದೆ ಪದವಿ ಪಡೆಯಲು ಇದೊಂದು ದಾರಿ.

ತೆರಿಗೆ ವಿನಾಯಿತಿಯ ಮಾತನ್ನೂ ಇಲ್ಲಿ ಹೇಳಬೇಕು. ಶಿಕ್ಷಣ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆ ಎಂದು ಸಾಲ ಕೊಡಿಸುವವರು ಹೇಳುತ್ತಾರೆ. ಆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ವರ್ಷಕ್ಕೆ ಮೂರೂವರೆ ಲಕ್ಷ ಸಂಬಳದವರಿಗೆ ಹೇಗೂ ತೆರಿಗೆ ಇಲ್ಲ. ಕಟ್ಟದ ತೆರಿಗೆಯಲ್ಲಿ ಉಳಿತಾಯ ಎಲ್ಲಿಂದ ಬರಬೇಕು?

ಸಹಿ ಹಾಕುವವರು ಯಾರು?

ಕರಾವಳಿ ಬ್ಯಾಂಕುಗಳ ತವರು. ಕೆನರಾ, ಕಾರ್ಪೊರೇಶನ್, ಸಿಂಡಿಕೇಟ್, ವಿಜಯಾ, ಕರ್ನಾಟಕ ಬ್ಯಾಂಕುಗಳು ಹುಟ್ಟಿದ್ದು ಈ ನೆಲದಲ್ಲಿ. ಇವುಗಳಲ್ಲಿ ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿ, ಸಿಂಡಿಕೇಟ್ 2020ರಲ್ಲಿ ಕೆನರಾದಲ್ಲಿ, ಕಾರ್ಪೊರೇಶನ್ ಅದೇ ವರ್ಷ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಮನೆತನವನ್ನು ನೋಡಿ ಸಾಲ ಕೊಟ್ಟು, ಕಷ್ಟ ಬಂದಾಗ ಎರಡು ತಿಂಗಳು ತಡೆದುಕೊಳ್ಳುವ ಮ್ಯಾನೇಜರರನ್ನು ನಮ್ಮ ಹಿರಿಯರು ಕಂಡಿದ್ದಾರೆ. ಈಗ ಕಂತು ತಪ್ಪಿದರೆ ಅದು ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ. 90 ದಿನ ಬಾಕಿಯಾದರೆ ಸಾಲ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ.

ಶಿಕ್ಷಣ ಸಾಲದಲ್ಲಿ ವಿದ್ಯಾರ್ಥಿಯ ಜೊತೆಗೆ ತಂದೆ ಅಥವಾ ತಾಯಿ ಸಹಸಾಲಗಾರರಾಗಿ ಸಹಿ ಹಾಕುತ್ತಾರೆ. ಅದು ಸಾಕ್ಷಿಯ ಸಹಿ ಅಲ್ಲ. ಮಗಳು ಕಟ್ಟದಿದ್ದರೆ ಕಟ್ಟುವ ಹೊಣೆ ಸಹಿ ಹಾಕಿದವರದು. ಇಬ್ಬರ ಸಾಲದ ದಾಖಲೆಯೂ ಕೆಡುತ್ತದೆ, ನಾಳೆ ಮಗನ ಓದಿಗೆ ಸಾಲ ಕೇಳಲು ಹೋದಾಗ ಇದೇ ಅಡ್ಡ ಬರುತ್ತದೆ. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಅಡವು ಕೇಳುವಂತಿಲ್ಲ. ಏಳೂವರೆ ಲಕ್ಷದವರೆಗಿನ ಸಾಲಕ್ಕೆ ಸರಕಾರದ ಖಾತರಿ ನಿಧಿಯ ಆಸರೆಯಿದೆ. ಇಷ್ಟಿದ್ದೂ ಬೇಗ ಸಿಗುತ್ತದೆಂದು ಮನೆಯ ಪತ್ರವನ್ನೋ ತಾಯಿಯ ಚಿನ್ನವನ್ನೋ ಅಡವಿಟ್ಟು ಬೇರೆ ಬಗೆಯ ಸಾಲ ಮಾಡುವವರಿದ್ದಾರೆ. ಚಿನ್ನದ ಸಾಲಕ್ಕೆ ಓದು ಮುಗಿಯುವವರೆಗೆ ಕಾಯುವ ತಾಳ್ಮೆ ಇರುವುದಿಲ್ಲ.

ಕೆಲಸ ಸಿಗದೆ ಕಂತು ಕಟ್ಟಲು ಕಷ್ಟವಾದರೆ ಬ್ಯಾಂಕಿನಿಂದ ತಲೆಮರೆಸಿಕೊಳ್ಳಬಾರದು. ನಿರುದ್ಯೋಗದ ಅವಧಿಯಲ್ಲಿ ಕಂತನ್ನು ಮುಂದೂಡುವ ಅವಕಾಶವನ್ನು ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಸೂಚಿಸಲಾಗಿದೆ. ಮೊದಲ ಕಂತು ತಪ್ಪುವ ಮುನ್ನವೇ ಬರಹದಲ್ಲಿ ಕೇಳಿಕೊಳ್ಳಬೇಕು. ಕೈಯಲ್ಲಿ ಹೆಚ್ಚು ಹಣ ಬಂದಾಗ ಬೇಗ ತೀರಿಸುವುದಕ್ಕೂ ಹೆದರಬೇಕಾಗಿಲ್ಲ. ಬದಲಾಗುವ ಬಡ್ಡಿದರದ ವೈಯಕ್ತಿಕ ಸಾಲಗಳನ್ನು ಅವಧಿಗೆ ಮುನ್ನ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ.

ವಿದೇಶದ ಎರಡು ವರ್ಷ

ನಮ್ಮ ಊರುಗಳಲ್ಲಿ ಓದಿನ ಮಾತು ಬಂದಾಗ ಹೊರದೇಶದ ಮಾತೂ ಬರುತ್ತದೆ. ಅಮೆರಿಕದಲ್ಲಿ ಕಂಪ್ಯೂಟರ್ ವಿಜ್ಞಾನದ ಎರಡು ವರ್ಷದ ಎಂ.ಎಸ್.ಗೆ 40 ಲಕ್ಷ ಸಾಲ ಮಾಡಿದರೆ ಏನಾಗುತ್ತದೆ ಎಂದು ಅದೇ ರೀತಿ ನೋಡೋಣ. ಬಡ್ಡಿ ಶೇ. 11, ಎರಡು ವರ್ಷಗಳಲ್ಲಿ ಎರಡು ಬಾರಿ ತಲಾ 20 ಲಕ್ಷ ಬಿಡುಗಡೆ, ಕೋರ್ಸು ಮುಗಿದು ಆರು ತಿಂಗಳಿಗೆ ಕಂತು ಆರಂಭ ಎಂದಿಟ್ಟುಕೊಂಡರೆ, ಆ ಹೊತ್ತಿಗೆ ಸಾಲ 48 ಲಕ್ಷ 80 ಸಾವಿರವಾಗಿರುತ್ತದೆ. ಹತ್ತು ವರ್ಷಗಳ ಕಂತು ತಿಂಗಳಿಗೆ ಸುಮಾರು 67 ಸಾವಿರ ರೂಪಾಯಿ. ಅಮೆರಿಕದ ಸಂಬಳದಲ್ಲಿ ಇದನ್ನು ಕಟ್ಟಬಹುದು. ಊರಿಗೆ ಮರಳಿ ಬಂದು ಇಲ್ಲಿನ ಸಂಬಳದಲ್ಲಿ ಕಟ್ಟುವುದು ಹೆಚ್ಚಿನವರಿಂದ ಆಗದ ಮಾತು.

ಮರಳಬೇಕಾಗಿ ಬರುವುದು ಅಪರೂಪವೇನೂ ಅಲ್ಲ. ಓದಿನ ನಂತರ ಅಲ್ಲಿ ಕೆಲಸ ಮಾಡಲು ಕಂಪ್ಯೂಟರ್ ವಿಜ್ಞಾನದವರಿಗೆ ಒಟ್ಟು ಮೂರು ವರ್ಷಗಳ ಅವಕಾಶವಿತ್ತು ಎಂಬ ಆಧಾರದ ಮೇಲೆ ಅನೇಕರು ಹೋಗಿದ್ದಾರೆ. ಅನಂತರ ಉಳಿಯಲು ಎಚ್-1ಬಿ ವೀಸಾ ಬೇಕು. ಕಂಪೆನಿಗಳ ಕೆಲಸಗಾರರಿಗೆ ವರ್ಷಕ್ಕೆ 85 ಸಾವಿರ ವೀಸಾಗಳ ಮಿತಿಯಿದೆ, ಅರ್ಜಿ ಹಾಕುವವರು ಅದಕ್ಕಿಂತ ಬಹಳ ಹೆಚ್ಚು. 2025ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸರಕಾರ ಹೊಸ ಎಚ್-1ಬಿ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕವನ್ನು ಘೋಷಿಸಿದ್ದೂ ನಮಗೆ ತಿಳಿದದ್ದೇ. ನಿಯಮವನ್ನು ಬದಲಿಸುವ ಅಧಿಕಾರ ಆ ದೇಶದ್ದು, ಅಡವಿಟ್ಟ ಮನೆ ನಮ್ಮದು. ಇಷ್ಟು ದೊಡ್ಡ ಸಾಲಕ್ಕೆ ಹತ್ತು ಸೆಂಟ್ಸ್ ಜಾಗವನ್ನು ಬರೆದುಕೊಡುವ ಮುನ್ನ, ಮಗ ಮರಳಿ ಬಂದರೂ ಈ ಮನೆ ಉಳಿಯುತ್ತದೆಯೇ ಎಂದು ಕೇಳಿಕೊಳ್ಳಬೇಕು.

ಮೇಜಿನ ಮೇಲೆ ಒಂದು ಹಾಳೆ

ಸಾಲ ಮಾಡಿ ಓದಿ ಮನೆಯನ್ನು ಎತ್ತಿ ನಿಲ್ಲಿಸಿದ ಮಕ್ಕಳು ನಮ್ಮ ನಡುವೆ ಬೇಕಾದಷ್ಟು ಮಂದಿ ಇದ್ದಾರೆ. ಶಿಕ್ಷಣ ಸಾಲ ಎಂಬುದು ಇಲ್ಲದಿದ್ದರೆ ಅವರಲ್ಲಿ ಎಷ್ಟೋ ಮಂದಿ ಕಾಲೇಜಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಆದುದರಿಂದ ಸಾಲ ಬೇಡ ಎಂದು ನಾವು ಹೇಳುತ್ತಿಲ್ಲ. ಅಳತೆ ನೋಡಿ ಸಾಲ ಮಾಡೋಣ ಎನ್ನುತ್ತಿದ್ದೇವೆ.

ಅದಕ್ಕೆ ದೊಡ್ಡ ವಿದ್ಯೆ ಬೇಕಾಗಿಲ್ಲ. ಒಂದು ಸಂಜೆ ಮೇಜಿನ ಮೇಲೆ ಒಂದು ಹಾಳೆ ಇಟ್ಟುಕೊಂಡು ಐದು ಮೊತ್ತಗಳನ್ನು ಬರೆದುಕೊಂಡರೆ ಸಾಕು. ಕೋರ್ಸಿನ ಪೂರ್ತಿ ಖರ್ಚು, ಕಂತು ಆರಂಭವಾಗುವ ದಿನದ ಸಾಲ, ತಿಂಗಳ ಕಂತು, ಈ ಪದವಿ ಇಲ್ಲದೆ ಸಿಗುವ ಸಂಬಳ, ಪದವಿಯ ನಂತರ ತರಗತಿಯ ನಡುವಿನಲ್ಲಿರುವವರಿಗೆ ಸಿಗುವ ಸಂಬಳ. ಕೊನೆಯ ಎರಡರ ವ್ಯತ್ಯಾಸ ಕಂತಿಗಿಂತ ಹೆಚ್ಚಿದ್ದರೆ ಧೈರ್ಯವಾಗಿ ಸಹಿ ಹಾಕಬಹುದು. ಕಡಿಮೆಯಿದ್ದರೆ ಹತ್ತಿರದ ಕಾಲೇಜು, ಸರಕಾರಿ ಕೋಟಾ, ಬಡ್ಡಿ ನೆರವು, ಕೆಲಸದ ಜೊತೆಗಿನ ಓದು ಇವುಗಳಲ್ಲಿ ಯಾವುದಾದರೂ ಆಗುತ್ತದೆಯೇ ನೋಡಬೇಕು.

ಈ ಹಾಳೆಯನ್ನು ಹೆತ್ತವರು ಬರೆಯುವುದಕ್ಕಿಂತ ಓದಲು ಹೊರಟ ಮಗಳೋ ಮಗನೋ ಬರೆಯುವುದು ಒಳ್ಳೆಯದು. ಮಕ್ಕಳ ಮನಸ್ಸು ನೋಯಬಾರದೆಂದು ಮನೆಯ ಕಷ್ಟವನ್ನು ಅವರಿಂದ ಮುಚ್ಚಿಡುವ ಅಭ್ಯಾಸ ನಮ್ಮದು. ಇಪ್ಪತ್ತೊಂದು ವರ್ಷದ ಮಗಳು ಈ ಲೆಕ್ಕವನ್ನು ತಾಳಿಕೊಳ್ಳುತ್ತಾಳೆ. ಏಳು ವರ್ಷ ಕಂತು ಕಟ್ಟಬೇಕಾದವಳು ಅವಳೇ ಆದುದರಿಂದ, ಅದನ್ನು ಮೊದಲು ನೋಡುವ ಹಕ್ಕೂ ಅವಳದೇ.